ಕೊರಳ ಚಿಟ್ಟೆ

ನಮ್ಮವ್ವ ಯುಗಾದಿ ಕಳೆದ ಮೇಲೂ ಶಾಲು ಹೊದೆಯುತ್ತಿದ್ದಳು. ಗುಂಡ್ಲುಪೇಟೆಯ ಮಾಗಿ ಚಳಿ ಕಂಡವರಿಗೆ ಗೊತ್ತು, ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಗಾಳಿ ಬೀಸಿತೆಂದರೆ ಹಿತ್ತಲಿನ ತೊಟ್ಟಿಯ ನೀರು ಮುಟ್ಟಲಾಗುವುದಿಲ್ಲ. ಆದರೆ ಏಪ್ರಿಲ್ ತಿಂಗಳಲ್ಲಿ, ಬೀದಿಯವರೆಲ್ಲ ಬೀಸಣಿಗೆ ಹಿಡಿದು ಕೂತಿರುವಾಗ, ಅವ್ವ ಕಂದು ಬಣ್ಣದ ಶಾಲು ಸುತ್ತಿಕೊಂಡು ಜಗಲಿಯ ಬಿಸಿಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಕೂತಲ್ಲೇ ತೂಕಡಿಸುತ್ತಿದ್ದಳು. ನಲವತ್ತು ದಾಟುವವರೆಗೆ ಹೊಲ ಮನೆ ಎರಡನ್ನೂ ಒಬ್ಬಳೇ ತೂಗಿಸಿಕೊಂಡು ಬಂದಿದ್ದ ಹೆಂಗಸು ಅವಳು. ಆಮೇಲಾಮೇಲೆ ಮುಖ ಊದಿತು, ದನಿ ಒಡೆದು ಗಂಡುದನಿಯಾಯಿತು, ಬಾಚಿದಷ್ಟೂ ಕೂದಲು ಬಾಚಣಿಗೆಗೆ ಬಂತು. "ಕೂತು ತಿಂದು ಊದ್ಕಂಡವ್ಳ" ಎಂದರು ಬೀದಿಯವರು. ಬೀದಿಯವರ ಮಾತು ಹಾಗಿರಲಿ, ಒಂದು ಸಲ ನಾನೇ ಅಂದುಬಿಟ್ಟೆ. ಬಿ.ಎಡ್. ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ಬಿಂಕ ನನಗೆ. "ಎದ್ದು ನಾಲ್ಕು ಹೆಜ್ಜೆ ಓಡಾಡವ್ವ, ಸೋಂಬೇರಿತನಕ್ಕೂ ಒಂದು ಮಿತಿ ಬೇಡವಾ?" ಅವ್ವ ಎದುರು ಮಾತಾಡಲಿಲ್ಲ. ಶಾಲನ್ನು ಇನ್ನೊಂದು ಸುತ್ತು ಎಳೆದುಕೊಂಡಳು. 1998ರಲ್ಲಿ ತೀರಿಕೊಂಡಳು.

ಆ ಮಾತು ನನಗೆ ತಿರುಗಿ ಬಂದದ್ದು ನಲವತ್ತಾರನೆಯ ವಯಸ್ಸಿನಲ್ಲಿ. ಮದುವೆಯಾಗಿ ಚಾಮರಾಜನಗರ ಸೇರಿದವಳು ನಾನು, ಕೆಲಸ ಮಾತ್ರ ಗುಂಡ್ಲುಪೇಟೆಯಲ್ಲಿ. ದಿನವೂ ಬಸ್ಸು. ಮೊದಲೆಲ್ಲ ದಾರಿಯುದ್ದಕ್ಕೂ ಅರಿಸಿನದ ಹೊಲ, ಚೆಂಡುಹೂವಿನ ಹೊಲ ನೋಡುತ್ತ, ಪಕ್ಕದವರ ಜೊತೆ ಹರಟುತ್ತ ಹೋಗುತ್ತಿದ್ದವಳು, ತೆರಕಣಾಂಬಿ ಬರುವುದರೊಳಗೆ ನಿದ್ದೆ ಹೋಗತೊಡಗಿದೆ. ಕಂಡಕ್ಟರೇ ಎಬ್ಬಿಸಬೇಕು. ತರಗತಿಯಲ್ಲಿ ಮೂರು ವರ್ಷದಿಂದ ಕಂಡ ಹುಡುಗಿಯ ಹೆಸರು ನಾಲಿಗೆಗೆ ಬರುತ್ತಿರಲಿಲ್ಲ. ಐವತ್ತೆಂಟು ಕೆ.ಜಿ. ಇದ್ದವಳು ಎಪ್ಪತ್ತೊಂದಾದೆ. ಶಾಲೆಯ ಆಯಾ, "ಯಾಕ್ ಮೇಡಮ್ಮಾರೇ, ಹಿಂಗಾ ಊದ್ಕಂಡ್ಬುಟ್ರಿ?" ಎಂದು ಕಕ್ಕುಲಾತಿಯಿಂದಲೇ ಕೇಳಿದಳು. ನನಗೆ ಅಳು ಬಂತು. ಮೊದಲು ತೋರಿಸಿಕೊಂಡ ವೈದ್ಯರು ನನ್ನ ಮುಖ ನೋಡದೆಯೇ, "ಈ ವಯಸ್ಸಿಗೆ ಇದೆಲ್ಲ ಸಹಜ, ಊಟ ಕಡಿಮೆ ಮಾಡಿ" ಎಂದರು. ರಾತ್ರಿ ಊಟ ಬಿಟ್ಟೆ. ತೂಕ ಇಳಿಯಲಿಲ್ಲ, ಸಿಡುಕು ಮಾತ್ರ ಏರಿತು. ಹೀಗೆ ಒಂದೂವರೆ ವರ್ಷ ಕಳೆದ ಮೇಲೆ ಚಿಕ್ಕ ವಯಸ್ಸಿನ ಇನ್ನೊಬ್ಬ ವೈದ್ಯೆ ಒಂದೇ ಪ್ರಶ್ನೆ ಕೇಳಿದರು. "ಮೇಡಂ, ಬೇರೆಯವರಿಗಿಂತ ನಿಮಗೆ ಚಳಿ ಜಾಸ್ತಿ ಆಗುತ್ತಾ?"

ಆ ಪ್ರಶ್ನೆಗೆ ನಾನು ಉತ್ತರ ಕೊಟ್ಟೆನೋ ಇಲ್ಲವೋ ನೆನಪಿಲ್ಲ. ಕಣ್ಣ ಮುಂದೆ ಕಂದು ಶಾಲು ಬಂದು ನಿಂತಿತ್ತು.

ರಕ್ತ ಪರೀಕ್ಷೆಯಲ್ಲಿ ಟಿ.ಎಸ್.ಎಚ್. ಎಂಬುದು ಐದರೊಳಗೆ ಇರಬೇಕಾದದ್ದು ಮೂವತ್ತೆಂಟು ಇತ್ತು. ಕುತ್ತಿಗೆಯ ಮುಂಭಾಗದಲ್ಲಿ ರೆಕ್ಕೆ ಬಿಚ್ಚಿ ಕೂತ ಚಿಟ್ಟೆಯಂತಿರುವ ಥೈರಾಯ್ಡ್ ಗ್ರಂಥಿ ಸೋತು ಹೋಗಿದೆ, ಅದನ್ನು ದುಡಿಸಲು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಕೂಗಿ ಕೂಗಿ ಕರೆಯುತ್ತಿದೆ, ಆ ಕೂಗಿನ ಅಳತೆಯೇ ಟಿ.ಎಸ್.ಎಚ್. ಎಂದು ಆ ವೈದ್ಯೆ ಬಿಡಿಸಿ ಹೇಳಿದರು. ನಾನು ಸಮಾಜ ವಿಜ್ಞಾನ ಪಾಠ ಹೇಳುವವಳು. ಯಾವುದನ್ನಾದರೂ ಇಸವಿ ಹಿಡಿದು ತಿಳಿದುಕೊಳ್ಳದಿದ್ದರೆ ನನಗೆ ಸಮಾಧಾನವಿಲ್ಲ. ಈ ಕಾಯಿಲೆಗೆ ಹೆಸರು ಸಿಕ್ಕಿದ್ದು ಯಾವಾಗ, ಅವ್ವನ ಕಾಲಕ್ಕೆ ಅದು ಗೊತ್ತಿತ್ತೇ ಎಂದು ಹುಡುಕುತ್ತ ಹೋದೆ.

ಗೊತ್ತಿತ್ತು. ಅವ್ವ ಹುಟ್ಟುವುದಕ್ಕೆ ಎಪ್ಪತ್ತು ವರ್ಷ ಮೊದಲೇ ಗೊತ್ತಿತ್ತು.

ಕುತ್ತಿಗೆ ಊದುವ ಗಳಗಂಡ ನಮ್ಮವರಿಗೆ ಹೊಸದಲ್ಲ, ಸುಶ್ರುತ ಸಂಹಿತೆಯಲ್ಲೇ ಅದರ ವಿವರಣೆಯಿದೆ. ಆದರೆ ಊತವಿಲ್ಲದೆಯೇ ಗ್ರಂಥಿ ಸೋತು ಇಡೀ ದೇಹ ಮಂದವಾಗುವ ಈ ಅವಸ್ಥೆಯನ್ನು ಬೇರೆಯಾಗಿ ಗುರುತಿಸಿದ್ದು 1873ರಲ್ಲಿ, ಲಂಡನ್ನಿನ ವೈದ್ಯ ಸರ್ ವಿಲಿಯಂ ಗಲ್. ಅವರು ವೈದ್ಯರ ಸಭೆಯ ಮುಂದಿಟ್ಟದ್ದು ಐದು ಜನರ ಕಥೆ. ಐವರೂ ಹೆಂಗಸರು. ಮುಟ್ಟು ನಿಂತ ಮೇಲೆ ಒಬ್ಬಾಕೆ ಗೊತ್ತೇ ಆಗದಂತೆ ದಿನೇದಿನೇ ಜಡವಾಗುತ್ತ, ಮೈ ದಪ್ಪವಾಗುತ್ತ, ಮುಖ ಉಬ್ಬುತ್ತ, ಮಾತು ತೊದಲುತ್ತ ಹೋದದ್ದನ್ನು ಅವರು ಬರೆದಿದ್ದಾರೆ. ಓದುವಾಗ ನನಗೆ ಲಂಡನ್ ಕಾಣಲಿಲ್ಲ, ನಮ್ಮ ಜಗಲಿ ಕಂಡಿತು. ಇನ್ನೊಂದು ವಿಚಿತ್ರ ಕೇಳಿ. ಊಟವನ್ನೇ ತೊರೆದು ಎಲುಬಿನ ಹಂದರವಾಗುವ ಎಳೆಯ ಹೆಣ್ಣುಮಕ್ಕಳ ಕಾಯಿಲೆಯನ್ನು ವಿವರಿಸಿ ಹೆಸರಿಟ್ಟವರೂ ಇದೇ ಗಲ್, ಅದೂ ಹೆಚ್ಚು ಕಡಿಮೆ ಅದೇ ಹೊತ್ತಿನಲ್ಲಿ. ಹೆಣ್ಣಿನ ತೂಕದ ಎರಡು ತುದಿಗಳನ್ನೂ ಆ ಮನುಷ್ಯ ತಾಳ್ಮೆಯಿಂದ ನೋಡಿದ್ದರು.

ಗಲ್ ರೋಗವನ್ನು ಕಂಡರೇ ಹೊರತು ಕಾರಣವನ್ನು ಕಾಣಲಿಲ್ಲ. ಅದು ಸಿಕ್ಕಿದ್ದು ಸ್ವಿಟ್ಜರ್ಲೆಂಡಿನಲ್ಲಿ, ಒಂದು ಅನಾಹುತದಿಂದ. ಬರ್ನ್ ನಗರದ ಶಸ್ತ್ರವೈದ್ಯ ಥಿಯೋಡೋರ್ ಕೋಚರ್ ಗಳಗಂಡ ಕೊಯ್ಯುವುದರಲ್ಲಿ ಎತ್ತಿದ ಕೈ. 1874ರಲ್ಲಿ ಹನ್ನೊಂದು ವರ್ಷದ ಒಬ್ಬ ಹುಡುಗಿಯ ಇಡೀ ಗ್ರಂಥಿಯನ್ನೇ ತೆಗೆದರು. ಗಾಯ ಚೆನ್ನಾಗಿ ಮಾಗಿತು. ಆದರೆ ಹುಡುಗಿ ಬೆಳೆಯಲಿಲ್ಲ, ಬುದ್ಧಿ ಮಂಕಾಯಿತು. ಅವಳಿಗಿಂತ ಚಿಕ್ಕವಳಾದ ತಂಗಿ ಅವಳನ್ನು ಮೀರಿ ಎತ್ತರವಾದಳು. ವರ್ಷಗಳ ಮೇಲೆ ಕೋಚರ್ ತಮ್ಮ ಹಳೆಯ ರೋಗಿಗಳನ್ನು ಕರೆಸಿ ನೋಡಿದಾಗ, ಗ್ರಂಥಿಯನ್ನು ಪೂರ್ತಿ ತೆಗೆಸಿಕೊಂಡ ಹೆಚ್ಚಿನವರ ಪಾಡು ಅದೇ ಆಗಿತ್ತು. 1883ರಲ್ಲಿ ಅವರು ಅದನ್ನು ಬಚ್ಚಿಡದೆ ಪ್ರಕಟಿಸಿದರು, ಇನ್ನು ಪೂರ್ತಿ ಗ್ರಂಥಿಯನ್ನು ತೆಗೆಯುವುದಿಲ್ಲ ಎಂದು ನಿಲ್ಲಿಸಿದರು. 1909ರಲ್ಲಿ ಅವರಿಗೆ ನೊಬೆಲ್ ಬಂತು. ತನ್ನ ತಪ್ಪನ್ನು ತಾನೇ ಎಣಿಸಿ ಬರೆದವನಿಗೆ ಸಿಕ್ಕಿದ ಗೌರವ ಎಂದು ನಾನು ಮಕ್ಕಳಿಗೆ ಹೇಳುವುದುಂಟು.

ಗ್ರಂಥಿ ಇಲ್ಲದ್ದರಿಂದ ಹೀಗಾಗುವುದಾದರೆ, ಕುರಿಯ ಗ್ರಂಥಿಯ ರಸ ಕೊಟ್ಟು ನೋಡಬಾರದೇಕೆ? ಇಂಗ್ಲೆಂಡಿನ ನ್ಯೂಕ್ಯಾಸಲ್ ಊರಿನ ಜಾರ್ಜ್ ಮರ್ರೆ ಎಂಬ ಯುವ ವೈದ್ಯ 1891ರಲ್ಲಿ ಅದನ್ನೇ ಮಾಡಿದರು. ಚುಚ್ಚುಮದ್ದು ಹಾಕಿಸಿಕೊಂಡಾಕೆಗೆ ನಲವತ್ತಾರು ವರ್ಷ, ನನ್ನದೇ ವಯಸ್ಸು. ಕೆಲವೇ ತಿಂಗಳಲ್ಲಿ ಮುಖದ ಊತ ಇಳಿಯಿತು, ಮಾತು ತಿಳಿಯಾಯಿತು. ಮುಂದೆ ಚುಚ್ಚುಮದ್ದು ಹೋಗಿ ಬಾಯಿಂದ ಕುಡಿಯುವ ಔಷಧ ಬಂತು. ಆಕೆ ಇನ್ನೂ ಇಪ್ಪತ್ತೆಂಟು ವರ್ಷ ಬದುಕಿ 1919ರಲ್ಲಿ, ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟು ವರ್ಷಕ್ಕೆ ಎಂಟುನೂರ ಎಪ್ಪತ್ತಕ್ಕೂ ಹೆಚ್ಚು ಕುರಿಗಳ ಗ್ರಂಥಿ ಬೇಕಾಯಿತು ಎಂದು ಮರ್ರೆ ಲೆಕ್ಕ ಇಟ್ಟಿದ್ದರು. 1892ರಲ್ಲಿ ಇನ್ನೊಬ್ಬ ವೈದ್ಯ ಎಡ್ವರ್ಡ್ ಫಾಕ್ಸ್, ಕುರಿಯ ಗ್ರಂಥಿಯನ್ನು ಹದವಾಗಿ ಹುರಿದು, ಸಣ್ಣಗೆ ಕೊಚ್ಚಿ, ಹಣ್ಣಿನ ಜೆಲ್ಲಿಯ ಜೊತೆ ವಾರಕ್ಕೊಮ್ಮೆ ತಿನ್ನಿಸಿದರು. ಔಷಧದ ಚೀಟಿಯೋ ಅಡುಗೆ ಪುಸ್ತಕವೋ ತಿಳಿಯದು. ನಾನು ಮೊಟ್ಟೆಯನ್ನೂ ಮುಟ್ಟದ ಮನೆಯಲ್ಲಿ ಹುಟ್ಟಿದವಳು. ಆ ಕಾಲದಲ್ಲಿ ನನ್ನ ಗತಿ ಏನಾಗುತ್ತಿತ್ತು ಎಂದು ನಗು ಬರುತ್ತದೆ.

ಆ ಹುರಿದ ತುಂಡಿನಿಂದ ನಮ್ಮ ಪುಟ್ಟ ಬಿಳಿ ಮಾತ್ರೆಯವರೆಗಿನ ದಾರಿಯೂ ದೊಡ್ಡದೇ. ಅಮೆರಿಕದ ಎಡ್ವರ್ಡ್ ಕೆಂಡಾಲ್ 1914ರ ಕ್ರಿಸ್‌ಮಸ್ ದಿನ ಗ್ರಂಥಿಯ ಸಾರವಾದ ಥೈರಾಕ್ಸಿನ್ ಅನ್ನು ಹರಳಾಗಿ ಬೇರ್ಪಡಿಸಿದರು. ಮುಂದೆ ಸುಮಾರು ಮೂರು ಟನ್ ಹಂದಿ ಗ್ರಂಥಿಯಿಂದ ಅವರಿಗೆ ದಕ್ಕಿದ್ದು ಬರೀ ಮೂವತ್ತಮೂರು ಗ್ರಾಂ. 1927ರ ಹೊತ್ತಿಗೆ ಬ್ರಿಟನ್ನಿನ ಹ್ಯಾರಿಂಗ್ಟನ್ ಮತ್ತು ಬಾರ್ಜರ್ ಅದನ್ನು ಪ್ರಯೋಗಶಾಲೆಯಲ್ಲೇ ತಯಾರಿಸಿದರು. ಈಗ ನಾವು ನುಂಗುವ ಲೆವೊಥೈರಾಕ್ಸಿನ್ ಹೀಗೆ ತಯಾರಾದದ್ದು. ಅದರಲ್ಲಿ ಕುರಿಯೂ ಇಲ್ಲ, ಹಂದಿಯೂ ಇಲ್ಲ.

ಇಷ್ಟೆಲ್ಲ ತಿಳಿದ ಮೇಲೂ ನನ್ನನ್ನು ಕಾಡಿದ ಪ್ರಶ್ನೆ ಒಂದೇ. ನನಗೆ ಯಾಕೆ ಬಂತು? ಸ್ಟಾಫ್ ರೂಮಿನಲ್ಲಿ ಎಲ್ಲರೂ ಉಪ್ಪಿನ ಮೇಲೆ ಹಾಕಿದರು. ಒಬ್ಬರು "ಅಯೋಡಿನ್ ಉಪ್ಪು ತಿನ್ನದ್ದಕ್ಕೆ" ಎಂದರೆ ಇನ್ನೊಬ್ಬರು "ಅದನ್ನು ತಿಂದದ್ದಕ್ಕೇ" ಎಂದರು. ನಮ್ಮ ಕಡೆ ಉಪ್ಪಿನ ವಿಷಯ ಬೇರೆ ಎಲ್ಲರಿಗೂ ಹತ್ತಿರ. ಮಣ್ಣು ತೊಳೆದು, ಬಸಿದು, ಕಾಯಿಸಿ ಉಪ್ಪು ತೆಗೆಯುವುದನ್ನೇ ಕುಲಕಸುಬು ಮಾಡಿಕೊಂಡಿದ್ದ ಉಪ್ಪಾರರು ಚಾಮರಾಜನಗರದ ಸುತ್ತ ಊರೂರಲ್ಲಿದ್ದಾರೆ. ಆ ಕಸುಬು ಹೋಗಿ ಎಷ್ಟೋ ಕಾಲವಾಯಿತು, ಹೆಸರು ಉಳಿದಿದೆ. ನಮ್ಮ ಮನೆಯಲ್ಲಂತೂ ಅವ್ವನ ಕಾಲದಿಂದ ಪಿಂಗಾಣಿ ಭರಣಿಯಲ್ಲಿ ಕಲ್ಲುಪ್ಪು. ದೀಪ ಹಚ್ಚಿದ ಮೇಲೆ ಯಾರಿಗೂ ಅದನ್ನು ಕೊಡುವಂತಿರಲಿಲ್ಲ.

ಉಪ್ಪಿನ ಕಥೆಯೂ ಒಂದು ಒಳ್ಳೆಯ ಕಥೆ. ಗ್ರಂಥಿಗೆ ತನ್ನ ರಸ ತಯಾರಿಸಲು ಅಯೋಡಿನ್ ಬೇಕು. ದಿನಕ್ಕೆ ಬೇಕಾದದ್ದು 150 ಮೈಕ್ರೋಗ್ರಾಂ, ಅಂದರೆ ಒಂದು ಜೀವಮಾನಕ್ಕೆಲ್ಲ ಸೇರಿ ಒಂದು ಟೀ ಚಮಚೆಯಷ್ಟು. ಬಸುರಿಗೆ ಅದು ಸಿಗದಿದ್ದರೆ ಹೊಟ್ಟೆಯ ಮಗುವಿನ ಮಿದುಳಿಗೇ ಪೆಟ್ಟು. ಮಳೆಯಲ್ಲಿ ಮಣ್ಣು ತೊಳೆದುಹೋಗುವ ಬೆಟ್ಟದ ಸೀಮೆಗಳಲ್ಲಿ ಇದರ ಕೊರತೆ ಹೆಚ್ಚು. ನಮ್ಮ ರಾಜ್ಯದಲ್ಲಿ ಗಳಗಂಡ ಎಂದರೆ ಚಿಕ್ಕಮಗಳೂರು, ಕೊಡಗುಗಳ ಹೆಸರು ಬರುತ್ತಿತ್ತು. ಹಿಮಾಚಲದ ಕಾಂಗ್ಡಾ ಕಣಿವೆಯಲ್ಲಿ 1956ರಿಂದ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಅವರ ಸಂಗಡಿಗರು ಒಂದು ದೊಡ್ಡ ಪ್ರಯೋಗ ನಡೆಸಿದರು. ಕಣಿವೆಯನ್ನು ಮೂರು ಭಾಗ ಮಾಡಿ, ಎರಡಕ್ಕೆ ಅಯೋಡಿನ್ ಬೆರೆಸಿದ ಉಪ್ಪು, ನಡುವಿನ ಒಂದಕ್ಕೆ ಬರೀ ಉಪ್ಪು ಹಂಚಿ ಶಾಲಾ ಮಕ್ಕಳ ಕುತ್ತಿಗೆ ಪರೀಕ್ಷಿಸುತ್ತ ಹೋದರು. ಆರು ವರ್ಷದಲ್ಲಿ ಅಯೋಡಿನ್ ಉಪ್ಪು ತಿಂದ ಕಡೆ ನೂರಕ್ಕೆ ಮೂವತ್ತೆಂಟರಷ್ಟಿದ್ದ ಗಳಗಂಡ ಇಪ್ಪತ್ತರ ಕೆಳಗಿಳಿಯಿತು. ಬರೀ ಉಪ್ಪಿನ ಕಡೆ ಇದ್ದಂತೆಯೇ ಇತ್ತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಅಯೋಡಿನ್ ಇಲ್ಲದ ಅಡುಗೆ ಉಪ್ಪಿನ ಮಾರಾಟಕ್ಕೆ 1998ರಲ್ಲಿ ದೇಶವ್ಯಾಪಿ ನಿಷೇಧ ಬಂತು. ಉಪ್ಪಿನ ಮೇಲೆ ಕಾನೂನು ಎಂದರೆ ದಂಡಿಯನ್ನು ನೆನೆಯುವ ದೇಶ ನಮ್ಮದು. ನಮ್ಮ ಅಂಕೋಲೆಯಲ್ಲೂ 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದಿತ್ತಲ್ಲವೇ? ವಿರೋಧ ಎದ್ದಿತು, 2000ದಲ್ಲಿ ನಿಷೇಧ ತೆರವಾಯಿತು, 2006ರ ಮೇ ತಿಂಗಳಲ್ಲಿ ಮತ್ತೆ ಜಾರಿಯಾಯಿತು.

ಶಾಲೆಯಲ್ಲಿ ಒಮ್ಮೆ ಮಕ್ಕಳಿಗೆ ಮನೆಯಿಂದ ಚಿಟಿಕೆ ಉಪ್ಪು ತರಲು ಹೇಳಿ, ಪರೀಕ್ಷೆಯ ಪುಟ್ಟ ಬಾಟಲಿಯಿಂದ ಒಂದೊಂದು ತೊಟ್ಟು ಬಿಟ್ಟೆವು. ಅಯೋಡಿನ್ ಇದ್ದರೆ ಉಪ್ಪು ನೇರಳೆಯಾಗುತ್ತದೆ. ಮಕ್ಕಳು ತಂದ ಪೊಟ್ಟಣಗಳಲ್ಲಿ ಹೆಚ್ಚಿನವು ನೇರಳೆಯಾದವು. ಬೆಳ್ಳಗೆ ಉಳಿದ ಕೆಲವಲ್ಲಿ ಒಂದು ಮೇಡಮ್ಮಿನದೇ ಆಗಿತ್ತು, ಅವ್ವನ ಭರಣಿಯದು. ಹುಡುಗಿಯರು ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಆ ಸಂಜೆಯೇ ಭರಣಿಗೆ ಪ್ಯಾಕೆಟ್ ಉಪ್ಪು ಸುರಿದೆ.

ಹಾಗಾದರೆ ನನ್ನ ಕಾಯಿಲೆಗೆ ಭರಣಿಯೇ ಕಾರಣವೇ? ಅಲ್ಲವಂತೆ. ಇಲ್ಲಿಯೇ ನಾವೆಲ್ಲ ಎಡವುವುದು. ಕಾರಣ ಬೇರೆ ಎಂಬುದರ ಮೊದಲ ಸುಳಿವು ಸಿಕ್ಕಿದ್ದು 1912ರಲ್ಲಿ. ಜಪಾನಿನ ಹಕಾರು ಹಶಿಮೊಟೊ ಎಂಬ ಯುವ ವೈದ್ಯ ನಾಲ್ವರ ಗ್ರಂಥಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ರಕ್ತದ ಬಿಳಿಯ ಕಣಗಳು ಅದರೊಳಗೆ ನುಗ್ಗಿ ತುಂಬಿರುವುದನ್ನು ಬರೆದರು. ಆ ನಾಲ್ವರೂ ನಲವತ್ತು ದಾಟಿದ ಹೆಂಗಸರು. ಅದು ಏಕೆಂದು ಜಗತ್ತಿಗೆ ಗೊತ್ತಾಗಲು ಇನ್ನೂ ನಲವತ್ತನಾಲ್ಕು ವರ್ಷ ಬೇಕಾಯಿತು. 1956ರಲ್ಲಿ ಲಂಡನ್ನಿನಲ್ಲಿ ಡೆಬೊರಾ ಡೋನಿಯಕ್ ಎಂಬ ವೈದ್ಯೆಯೂ ಸೇರಿದ ತಂಡವೊಂದು, ಇಂಥ ರೋಗಿಗಳ ರಕ್ತ ತಮ್ಮದೇ ಗ್ರಂಥಿಯ ವಿರುದ್ಧ ಹೋರಾಡುತ್ತಿದೆ ಎಂದು ತೋರಿಸಿತು. ಹೊರಗಿನ ಕಳ್ಳನನ್ನು ಹಿಡಿಯಬೇಕಾದ ಕಾವಲುಗಾರ ಮನೆಯವರನ್ನೇ ಹೊಡೆದಂತೆ. ಅಯೋಡಿನ್ ಸಾಕಷ್ಟು ಸಿಗುವ ಕಡೆ ಗ್ರಂಥಿ ಸೋಲುವುದು ಹೆಚ್ಚಾಗಿ ಇದರಿಂದಲೇ. ಗಂಡಸರಿಗಿಂತ ಹೆಂಗಸರಿಗೇ ಇದು ಎಷ್ಟೋ ಪಾಲು ಹೆಚ್ಚು, ಮನೆತನದಲ್ಲೂ ಹರಿದು ಬರುತ್ತದೆ. ಉಪ್ಪು ಬದಲಿಸಿದರೆ ಇದು ವಾಸಿಯಾಗುವುದಿಲ್ಲ. ಹಾಗೆಂದು ಅಯೋಡಿನ್ ಉಪ್ಪು ಬಿಡಲೂ ಬಾರದು, ಅದು ಮುಂದಿನ ಮಕ್ಕಳ ಮಾತು. 2013ರಲ್ಲಿ ಪ್ರಕಟವಾದ, ಬೆಂಗಳೂರೂ ಸೇರಿದ ಎಂಟು ನಗರಗಳ ಅಧ್ಯಯನವೊಂದರಲ್ಲಿ ಪರೀಕ್ಷಿಸಿದ 5,360 ಜನರಲ್ಲಿ ನೂರಕ್ಕೆ ಸುಮಾರು ಹನ್ನೊಂದು ಮಂದಿಗೆ ಗ್ರಂಥಿ ಮಂದವಾಗಿತ್ತು.

ಮನೆತನದಲ್ಲಿ ಹರಿದು ಬರುತ್ತದೆ ಎಂದು ಓದಿದ ದಿನ ಪೆಟ್ಟಿಗೆ ತೆಗೆದು ಅವ್ವನ ಫೋಟೊ ನೋಡಿದೆ. ನನ್ನ ತಮ್ಮನ ಮದುವೆಯಲ್ಲಿ ತೆಗೆದದ್ದು. ಹುಬ್ಬು ಹೊರತುದಿಯಲ್ಲಿ ಅಳಿಸಿಹೋಗಿದೆ, ಕಣ್ಣ ಕೆಳಗೆ ಊತ, ತುಟಿ ದಪ್ಪ. ಫೋಟೊ ನೋಡಿ ರೋಗ ಹೇಳಲಾಗದು ಎಂದು ನನ್ನ ವೈದ್ಯೆ ಅಂದರು. ಸರಿಯೇ. ರಕ್ತದಲ್ಲಿ ಕಣಕ್ಕಿಂತ ಕಣವಾಗಿರುವ ಹಾರ್ಮೋನನ್ನು ಅಳೆಯುವ ವಿಧಾನ ಕಂಡುಹಿಡಿದವರು ರೋಸಲಿನ್ ಯಾಲೊ ಎಂಬ ಮಹಿಳೆ, ಸಂಗಡಿಗ ಸೋಲಮನ್ ಬರ್ಸನ್ ಜೊತೆ, 1950ರ ದಶಕದ ಕೊನೆಯಲ್ಲಿ. ಅದಕ್ಕೆ ಅವರು ಪೇಟೆಂಟನ್ನೂ ಪಡೆಯಲಿಲ್ಲ. 1977ರಲ್ಲಿ ಯಾಲೊ ಅವರಿಗೆ ನೊಬೆಲ್ ಬಂತು. ಟಿ.ಎಸ್.ಎಚ್. ಪರೀಕ್ಷೆ ಆ ದಾರಿಯಲ್ಲೇ ಬಂದದ್ದು. ಅಂದರೆ ಅವ್ವ ಬಿಸಿಲು ಕಾಯಿಸುತ್ತ ಕೂತಿದ್ದಾಗ ಕಾಯಿಲೆಗೆ ಹೆಸರಿತ್ತು, ಮಾತ್ರೆಯಿತ್ತು, ಅಳತೆಯೂ ಇತ್ತು. ಆಗ ಚಾಮರಾಜನಗರ ಜಿಲ್ಲೆಯೂ ಆಗಿರಲಿಲ್ಲ, ಅದಾದದ್ದು 1997ರಲ್ಲಿ. ವೈದ್ಯಕೀಯ ಕಾಲೇಜು ಬಂದದ್ದು 2016ರಲ್ಲಿ. ಆದರೆ ಮೈಸೂರಿಗೆ ಬಸ್ಸಿತ್ತು. ನಾವು ಕರೆದುಕೊಂಡು ಹೋಗಲಿಲ್ಲ. ಮಂಡಿ ನೋವಿಗೆ ಎಣ್ಣೆ ತಂದುಕೊಟ್ಟೆವು.

ಇನ್ನು ತೂಕದ ಮಾತು. ಮಾತ್ರೆ ಶುರು ಮಾಡಿದಾಗ ಹದಿಮೂರು ಕೆ.ಜಿ.ಯೂ ಇಳಿದುಬಿಡುತ್ತದೆಂದು ನಂಬಿದ್ದೆ. ಇಳಿದದ್ದು ಮೂರು. ವೈದ್ಯೆಯ ಮೇಲೆ ಸಿಟ್ಟು ಬಂತು. ಗ್ರಂಥಿ ಸೋತದ್ದರಿಂದ ಏರುವುದು ಸಾಮಾನ್ಯವಾಗಿ ಎರಡರಿಂದ ನಾಲ್ಕೂವರೆ ಕೆ.ಜಿ., ಅದೂ ಹೆಚ್ಚಿನಂಶ ಮೈಯಲ್ಲಿ ನಿಂತ ಉಪ್ಪು ನೀರು, ಉಳಿದದ್ದರ ಲೆಕ್ಕ ಬೇರೆ ಕಡೆ ನೋಡಬೇಕು ಎಂದರು ಅವರು. ನೋಡಿದೆ. ಮಕ್ಕಳು ಬಿಟ್ಟ ಅನ್ನ ವ್ಯರ್ಥವಾಗಬಾರದೆಂದು ತಿಂದದ್ದು, ಉತ್ತರ ಪತ್ರಿಕೆ ತಿದ್ದುತ್ತ ಚಕ್ಕುಲಿ ಡಬ್ಬಿ ಮುಗಿಸಿದ್ದು, ಮುಟ್ಟು ನಿಲ್ಲುವ ವಯಸ್ಸು, ಬಸ್ಸಿನಲ್ಲಿ ಕೂತು ಶಾಲೆಗೆ ಹೋಗಿ ಕೂತು ಬರುವ ದಿನಚರಿ. ಇವಕ್ಕೆಲ್ಲ ಮಾತ್ರೆ ಇಲ್ಲ. ಸಂಜೆ ಚಾಮರಾಜೇಶ್ವರ ದೇವಸ್ಥಾನದ ಕಡೆ ನಡೆಯತೊಡಗಿದೆ. ರಾತ್ರಿ ಅನ್ನ ಅರ್ಧ ಮಾಡಿ ಹುರುಳಿಕಾಳು, ಸೊಪ್ಪು ಹೆಚ್ಚಿಸಿದೆ. ಗುಂಡ್ಲುಪೇಟೆ ಕಡೆ ಎಲೆಕೋಸು ಬೆಳೆಯುವ ರೈತರ ಮೇಲೆ ಯಾರೂ ಮುನಿಯಬೇಕಾಗಿಲ್ಲ. ಬೇಯಿಸಿದ ಕೋಸನ್ನು ಎಲ್ಲರಂತೆ ತಿಂದರೆ ಏನೂ ಆಗುವುದಿಲ್ಲ. ಎರಡು ವರ್ಷಕ್ಕೆ ಅರವತ್ತಾರಕ್ಕೆ ಬಂದು ನಿಂತೆ. ಐವತ್ತೆಂಟು ಮತ್ತೆ ಬರಲಿಲ್ಲ, ನಾನೂ ಕರೆಯುವುದನ್ನು ಬಿಟ್ಟೆ.

ಈ ಮಾತ್ರೆಯನ್ನು ತೂಕ ಇಳಿಸುವ ಮದ್ದೆಂದು ತಿಳಿದವರ ಕಥೆ ಅದು ಹುಟ್ಟಿದಷ್ಟೇ ಹಳೆಯದು. 1890ರ ದಶಕದಲ್ಲೇ ಕುರಿಯ ರಸವನ್ನು ಸಣ್ಣಗಾಗಲು ಕೊಡುತ್ತಿದ್ದರು. 1960ರ ದಶಕದವರೆಗೂ ಅಮೆರಿಕದಲ್ಲಿ ಇದನ್ನೇ ಬೇರೆ ಉಗ್ರ ಔಷಧಗಳ ಜೊತೆ ಸೇರಿಸಿ ಬಣ್ಣ ಬಣ್ಣದ ಮಾತ್ರೆಗಳನ್ನು ಹೆಂಗಸರಿಗೆ ಮಾರಿದರು, ಸಾವುಗಳಾದ ಮೇಲೆ 1968ರಲ್ಲಿ ಸರ್ಕಾರ ಅವುಗಳ ಮೇಲೆ ಕೈ ಹಾಕಿತು. ಅಷ್ಟು ದೂರ ಯಾಕೆ, ನನ್ನ ಸಹೋದ್ಯೋಗಿಯೊಬ್ಬರು ಮಗಳ ಮದುವೆಗೆ ಮೊದಲು ಸಣ್ಣಗಾಗಬೇಕೆಂದು ಯಾರನ್ನೂ ಕೇಳದೆ ಎರಡೆರಡು ಮಾತ್ರೆ ನುಂಗಿದರು. ಎದೆ ಡವಗುಟ್ಟಿ, ಕೈ ನಡುಗಿ, ನಿದ್ದೆಗೆಟ್ಟು, ಮದುವೆಯ ಹಿಂದಿನ ವಾರ ಆಸ್ಪತ್ರೆಯಲ್ಲಿ ಮಲಗಿದ್ದರು. ಹೆಚ್ಚಾದರೆ ಹೃದಯಕ್ಕೂ ಮೂಳೆಗೂ ಕೆಡುಕು. ಕಡಿಮೆಯಾದರೆ ಮತ್ತೆ ಕೊಳೆ ನೀರಿನಲ್ಲಿ ನಡೆದಂತೆ ಬದುಕು. ಪ್ರಮಾಣ ಬದಲಿಸಿದಾಗಲೆಲ್ಲ ಆರರಿಂದ ಎಂಟು ವಾರ ಬಿಟ್ಟು ರಕ್ತ ನೋಡಿಸಿಯೇ ತೀರ್ಮಾನ.

ನಿಜ ಹೇಳಬೇಕೆಂದರೆ ತಕ್ಕಡಿಗಿಂತ ಮೊದಲು ಬದಲಾದದ್ದು ತಲೆ. ಮೂರನೆಯ ತಿಂಗಳ ಒಂದು ಬೆಳಿಗ್ಗೆ ಹಾಜರಿ ಪುಸ್ತಕ ತೆರೆಯದೆಯೇ ನಲವತ್ತೊಂದು ಮಕ್ಕಳ ಹೆಸರು ಕರೆದೆ. ಬಸ್ಸಿನಲ್ಲಿ ತೆರಕಣಾಂಬಿ ದಾಟುವಾಗ ಎಚ್ಚರವಿದ್ದೆ, ಸಂತೆಗೆ ಹೊರಟ ಹೆಂಗಸಿನ ಬುಟ್ಟಿಯ ಬದನೆಕಾಯಿಯ ಬೆಲೆ ಕೇಳಿದೆ. ಕಂಡಕ್ಟರ್, "ಏನ್ ಮೇಡಂ, ಇವತ್ತು ನಿದ್ದೆ ಇಲ್ವಾ?" ಎಂದ.

ಬೆಳಿಗ್ಗೆ ಐದೂವರೆಗೆ ಎದ್ದು ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗುತ್ತೇನೆ. ಕಾಫಿಗೆ ಕನಿಷ್ಠ ಅರ್ಧ ಗಂಟೆ ಕಾಯಬೇಕು, ಕಬ್ಬಿಣದ ಮಾತ್ರೆ, ಸುಣ್ಣದ ಮಾತ್ರೆ ಇದ್ದರೆ ಅವಕ್ಕೆ ನಾಲ್ಕು ಗಂಟೆ. ಕಾಫಿ ಇಲ್ಲದ ಆ ಅರ್ಧ ಗಂಟೆ ಬಲು ಉದ್ದ. ಡಿಕಾಕ್ಷನ್ ಇಳಿಯುವ ಸದ್ದು ಕೇಳುತ್ತ ಅಡುಗೆಮನೆಯ ಹೊಸ್ತಿಲ ಮೇಲೆ ಕೂರುತ್ತೇನೆ. ಹೋದ ಮಾಗಿಯಲ್ಲಿ ರಜೆಗೆ ಬಂದ ಮಗಳು ಒಂದು ದಿನ ಹಾಗೇ ಪಕ್ಕದಲ್ಲಿ ಬಂದು ಕೂತಳು. ಮೈಮೇಲೆ ಪೆಟ್ಟಿಗೆಯಿಂದ ತೆಗೆದ ಅಜ್ಜಿಯ ಕಂದು ಶಾಲು. "ಚಳಿ ಆಗ್ತಿದೆಯೇನೇ?" ಎಂದೆ. "ಡಿಸೆಂಬರ್ ಅಲ್ವೇನಮ್ಮ, ಎಲ್ಲರಿಗೂ ಆಗುತ್ತೆ" ಎಂದಳು. ಹೌದು, ಡಿಸೆಂಬರ್. ಆದರೂ ಆ ವಾರವೇ ಅವಳನ್ನು ರಕ್ತ ಪರೀಕ್ಷೆಗೆ ಕರೆದುಕೊಂಡು ಹೋದೆ.